ವಿಹಾರಧಾಮದ ಮೊಬೈಲ್ ಆ್ಯಪ್: ಇಡೀ ಕುಟುಂಬಕ್ಕೆ ಸಲ್ಲುವಂತೆ ರೂಪಿಸುವ ಬಗೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳುತ್ತಿದ್ದ ಕಾಲದಲ್ಲಿ ಪ್ರವಾಸವೆಂದರೆ ಬಹುಪಾಲು ತೀರ್ಥಯಾತ್ರೆ ಅಥವಾ ನೆಂಟರ ಮನೆಯ ವಾಸವಾಗಿತ್ತು. ಬಂದವರಿಗೆ ಸ್ನಾನದ ನೀರು ಎಲ್ಲಿದೆ, ಊಟಕ್ಕೆ ಎಷ್ಟು ಹೊತ್ತು, ಅಜ್ಜಿಗೆ ಮೆಟ್ಟಿಲಿಲ್ಲದ ಕೋಣೆ ಯಾವುದು, ಮಗುವಿಗೆ ಹಾಲು ಯಾವಾಗ ಬೇಕು ಎಂಬುದನ್ನೆಲ್ಲ ಮನೆಯ ಯಜಮಾನಿಯೋ ಛತ್ರದ ಪಾರುಪತ್ಯಗಾರನೋ ಕೇಳಿ ತಿಳಿದು ವ್ಯವಸ್ಥೆ ಮಾಡುತ್ತಿದ್ದರು. ಇಂದು ನಗರವಾಸಿಗಳು ರಜೆ ಕಳೆಯಲು ಹೋಗುವ ದೊಡ್ಡ ವಿಹಾರಧಾಮಗಳಲ್ಲಿ ಈ ವಿಚಾರಣೆಯ ಕೆಲಸದ ಬಹುಭಾಗವನ್ನು ಮೊಬೈಲ್ ಫೋನಿನೊಳಗಿನ ಒಂದು ಆ್ಯಪ್‌ಗೆ ವಹಿಸಲಾಗಿದೆ. ಕೋಣೆಯ ಕೀಲಿ, ಪ್ರವೇಶದ ಚೀಟಿ, ನಕ್ಷೆ, ಊಟದ ಪಟ್ಟಿ, ಹಣದ ಚೀಲ ಎಲ್ಲವೂ ಅದರಲ್ಲೇ ಅಡಕವಾಗಿವೆ.

ಇದರಿಂದ ಅನುಕೂಲವಾಗಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಫೋನು ಒಬ್ಬರ ಕೈಯಲ್ಲಿರುವ ವಸ್ತು. ವಿಹಾರಕ್ಕೆ ಹೋಗುವುದು ಕುಟುಂಬ. ಅಜ್ಜ, ಅಜ್ಜಿ, ತಂದೆ, ತಾಯಿ, ಶಾಲೆಗೆ ಹೋಗುವ ಮಗು, ಇನ್ನೂ ನಡೆಯಲು ಕಲಿಯುತ್ತಿರುವ ಕೂಸು, ಇವರೆಲ್ಲರಿಗೂ ಒಂದೇ ಆ್ಯಪ್ ಹೇಗೆ ಸಲ್ಲಬೇಕು ಎಂಬುದೇ ಅದನ್ನು ರೂಪಿಸುವವರ ಮುಂದಿರುವ ನಿಜವಾದ ಸಮಸ್ಯೆ.

ಒಂದು ನಿದರ್ಶನ

ಈ ವಿಷಯದಲ್ಲಿ ಜಗತ್ತಿನಲ್ಲಿ ನಡೆದಿರುವ ಅತಿ ದೊಡ್ಡ ಪ್ರಯೋಗಗಳಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ವಾಲ್ಟ್ ಡಿಸ್ನಿ ವರ್ಲ್ಡ್‌ನ ಪ್ರಯೋಗವೂ ಒಂದು. 1971ರ ಅಕ್ಟೋಬರ್ 1ರಂದು ಒರ್ಲ್ಯಾಂಡೊ ನಗರದ ಬಳಿ ಆರಂಭವಾದ ಈ ವಿಹಾರಧಾಮ ಸುಮಾರು 40 ಚದರ ಮೈಲಿಗಳಷ್ಟು ವಿಸ್ತಾರವಾಗಿದೆ. ನಾಲ್ಕು ಬೃಹತ್ ಮನರಂಜನಾ ಉದ್ಯಾನಗಳು, ಎರಡು ಜಲೋದ್ಯಾನಗಳು, ಇಪ್ಪತ್ತೈದಕ್ಕೂ ಹೆಚ್ಚು ವಸತಿಗೃಹಗಳು ಇದರಲ್ಲಿವೆ. ಮಕ್ಕಳು ಅಮೆರಿಕದಲ್ಲಿ ನೆಲೆಸಿರುವ ಮುಂಬಯಿ, ಪುಣೆಗಳ ಹಲವು ಕನ್ನಡ ಕುಟುಂಬಗಳ ಹಿರಿಯರಿಗೂ ಇದು ಅಪರಿಚಿತ ಸ್ಥಳವಲ್ಲ. ಮೊಮ್ಮಕ್ಕಳ ಕೈಹಿಡಿದು ಅಲ್ಲಿ ಸುತ್ತಿ ಬಂದವರು ಅನೇಕರಿದ್ದಾರೆ.

2013ರ ಜನವರಿಯಲ್ಲಿ ಡಿಸ್ನಿ ಸಂಸ್ಥೆಯು ‘ಮೈಮ್ಯಾಜಿಕ್ ಪ್ಲಸ್’ ಎಂಬ ಯೋಜನೆಯನ್ನು ಪ್ರಕಟಿಸಿತು. ಅದಕ್ಕೆ ತಗುಲಿದ ವೆಚ್ಚ ಸುಮಾರು 100 ಕೋಟಿ ಡಾಲರ್ ಎಂದು ಆಗ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಅದರ ಅಂಗಗಳಲ್ಲಿ ಎರಡು ಮುಖ್ಯವಾದವು. ಒಂದು, ‘ಮೈ ಡಿಸ್ನಿ ಎಕ್ಸ್‌ಪೀರಿಯನ್ಸ್’ ಎಂಬ ಆ್ಯಪ್. ಇನ್ನೊಂದು, ಮಣಿಕಟ್ಟಿಗೆ ಕಟ್ಟಿಕೊಳ್ಳುವ ‘ಮ್ಯಾಜಿಕ್ ಬ್ಯಾಂಡ್’ ಎಂಬ ಪಟ್ಟಿ. ರೇಡಿಯೋ ಅಲೆಗಳಿಂದ ಗುರುತು ತಿಳಿಸುವ ಚಿಕ್ಕ ಸಾಧನವನ್ನು ಆ ಪಟ್ಟಿಯೊಳಗೆ ಹುದುಗಿಸಲಾಗಿತ್ತು. ಅದನ್ನು ತಾಕಿಸಿದರೆ ಕೋಣೆಯ ಬಾಗಿಲು ತೆರೆಯುತ್ತಿತ್ತು, ಉದ್ಯಾನದ ಪ್ರವೇಶ ದೊರೆಯುತ್ತಿತ್ತು. ರಹಸ್ಯ ಸಂಖ್ಯೆಯನ್ನೂ ಒತ್ತಿದರೆ ಅಂಗಡಿಯ ಬಿಲ್ಲು ಕೋಣೆಯ ಲೆಕ್ಕಕ್ಕೆ ಸೇರುತ್ತಿತ್ತು. ಕಾಲಕ್ರಮದಲ್ಲಿ ಈ ಕೆಲಸಗಳಲ್ಲಿ ಹೆಚ್ಚಿನವು ಫೋನಿಗೇ ವರ್ಗಾವಣೆಯಾದವು. ವಸತಿಗೃಹದ ಅತಿಥಿಗಳಿಗೆ ಪಟ್ಟಿಯನ್ನು ಉಚಿತವಾಗಿ ಕೊಡುವ ಪದ್ಧತಿ 2021ರ ಆರಂಭದಲ್ಲಿ ನಿಂತಿತು.

ಸರತಿಯ ಸಾಲು ಕರಗುವುದೇ?

ವಿಹಾರಧಾಮದ ಆ್ಯಪ್‌ನಿಂದ ಅತಿಥಿಗಳು ಮೊದಲು ಬಯಸುವುದು ಕಾಯುವಿಕೆಯ ಪರಿಹಾರವನ್ನು. ಇದಕ್ಕೆ ಬ್ಯಾಂಕುಗಳ ಹಳೆಯ ಹಿತ್ತಾಳೆಯ ಬಿಲ್ಲೆ ಒಳ್ಳೆಯ ಹೋಲಿಕೆ. ಚೆಕ್ಕನ್ನು ಒಪ್ಪಿಸಿದ ಗ್ರಾಹಕನಿಗೆ ಅಂಕಿ ಕೊರೆದ ಬಿಲ್ಲೆಯೊಂದು ದೊರೆಯುತ್ತಿತ್ತು. ತನ್ನ ಸಂಖ್ಯೆಯನ್ನು ಕೂಗುವವರೆಗೆ ಅವನು ಬೆಂಚಿನ ಮೇಲೆ ಕುಳಿತಿರಬಹುದಾಗಿತ್ತು. ಬಿಲ್ಲೆಯಿಂದ ಕಾಲಿಗೆ ವಿಶ್ರಾಂತಿ ದೊರೆಯಿತೇ ಹೊರತು ಕ್ಯಾಷಿಯರನ ಕೈ ಚುರುಕಾಗಲಿಲ್ಲ.

ಡಿಸ್ನಿಯವರು 1999ರಲ್ಲಿ ಜಾರಿಗೆ ತಂದ ‘ಫಾಸ್ಟ್‌ಪಾಸ್’ ಇಂಥ ಬಿಲ್ಲೆಯೇ ಆಗಿತ್ತು. ಯಂತ್ರದಿಂದ ಹೊರಬಂದ ಕಾಗದದ ಚೀಟಿಯಲ್ಲಿ ಮರಳಿ ಬರಬೇಕಾದ ವೇಳೆ ಮುದ್ರಿತವಾಗಿರುತ್ತಿತ್ತು. ಹೊಸ ಯೋಜನೆಯಲ್ಲಿ ಇದು ಆ್ಯಪ್‌ನೊಳಕ್ಕೆ ಬಂತು. ಅಲ್ಲಿಯ ವಸತಿಗೃಹಗಳಲ್ಲಿ ತಂಗುವವರು 60 ದಿನ ಮುಂಚಿತವಾಗಿಯೂ ಇತರರು 30 ದಿನ ಮುಂಚಿತವಾಗಿಯೂ ದಿನಕ್ಕೆ ಮೂರು ವೇಳೆಗಳನ್ನು ಉಚಿತವಾಗಿ ಕಾದಿರಿಸಬಹುದಾಗಿತ್ತು. ಸಾಂಕ್ರಾಮಿಕದ ಕಾರಣ 2020ರಲ್ಲಿ ಈ ವ್ಯವಸ್ಥೆ ಸ್ಥಗಿತಗೊಂಡಿತು. 2021ರ ಅಕ್ಟೋಬರ್ 19ರಂದು ಅದರ ಸ್ಥಾನದಲ್ಲಿ ‘ಜೀನಿ ಪ್ಲಸ್’ ಎಂಬ ಹಣ ಕೊಟ್ಟು ಪಡೆಯುವ ಸೇವೆ ಬಂತು. ಆರಂಭದ ದರ ಒಬ್ಬರಿಗೆ ದಿನಕ್ಕೆ 15 ಡಾಲರ್. ಬೆಳಗ್ಗೆ ಏಳು ಗಂಟೆಗೆ ಸರಿಯಾಗಿ ಕಾಯ್ದಿರಿಸುವಿಕೆ ತೆರೆಯುತ್ತಿದ್ದುದರಿಂದ ರಜೆಯ ದಿನವೂ ಆ ಹೊತ್ತಿಗೆ ಎದ್ದು ಫೋನು ಹಿಡಿಯಬೇಕಾಯಿತೆಂದು ಅತಿಥಿಗಳು ಗೊಣಗಿದರು. 2024ರ ಜುಲೈನಲ್ಲಿ ಈ ಸೇವೆಯ ಹೆಸರೂ ನಿಯಮಗಳೂ ಬದಲಾದವು. ವಸತಿಗೃಹದವರಿಗೆ 7 ದಿನ, ಇತರರಿಗೆ 3 ದಿನ ಮುಂಚಿತವಾಗಿ ವೇಳೆ ಆರಿಸಿಕೊಳ್ಳುವ ಅವಕಾಶವಾಯಿತು.

ಇಷ್ಟೆಲ್ಲ ಬದಲಾವಣೆಗಳ ನಡುವೆಯೂ ಬದಲಾಗದೆ ಉಳಿದದ್ದು ರೈಡ್‌ಗಳ ಸಾಮರ್ಥ್ಯ. ಒಂದು ರೈಡ್ ಗಂಟೆಗೆ 1,200 ಜನರನ್ನು ಕೂರಿಸಬಲ್ಲದು ಎಂದಿಟ್ಟುಕೊಳ್ಳೋಣ. ಅದರಲ್ಲಿ 900 ಸ್ಥಾನಗಳನ್ನು ಆ್ಯಪ್‌ನ ಮೂಲಕ ಹಂಚಿದರೆ ಸಾಮಾನ್ಯ ಸಾಲಿಗೆ ಉಳಿಯುವುದು 300 ಮಾತ್ರ. ಆ ಸಾಲಿನಲ್ಲಿ 600 ಜನ ನಿಂತಿದ್ದರೆ ಕೊನೆಯವರು ಎರಡು ಗಂಟೆ ಕಾಯಬೇಕಾಗುತ್ತದೆ. ಒಬ್ಬರ ಜಮೆಗೆ ಬಿದ್ದ ಸಮಯ ಮತ್ತೊಬ್ಬರ ಖರ್ಚಿನಿಂದ ಬಂದದ್ದು ಎಂಬುದು ಲೆಕ್ಕ ಬಲ್ಲವರಿಗೆ ಸುಲಭವಾಗಿ ತಿಳಿಯುತ್ತದೆ. ಆದುದರಿಂದ ಸಾಮರ್ಥ್ಯವನ್ನು ಹೆಚ್ಚಿಸದೆ ಆ್ಯಪ್ ಒಂದರಿಂದಲೇ ಸರತಿಯನ್ನು ನಿವಾರಿಸುತ್ತೇವೆಂಬ ಭರವಸೆಯನ್ನು ಯಾವ ವಿಹಾರಧಾಮವೂ ಕೊಡಲಾಗದು. ಕಾಯಬೇಕಾದ ಸಮಯವನ್ನು ಪ್ರಾಮಾಣಿಕವಾಗಿ ತೋರಿಸುವುದು, ಕಾಯುವಾಗ ಕುಳಿತುಕೊಳ್ಳಲು ಅವಕಾಶ ಕೊಡುವುದು, ಆ್ಯಪ್ ಬಳಸದವರಿಗೂ ನ್ಯಾಯವಾದ ಪಾಲನ್ನು ಮೀಸಲಿಡುವುದು, ಈ ಮೂರನ್ನು ಮಾಡಬಹುದು, ಮಾಡಲೇಬೇಕು.

ಫೋನು ಒಬ್ಬರಲ್ಲಿ, ಅತಿಥಿಗಳು ಆರು ಮಂದಿ

ಮುಂಬಯಿಯಿಂದ ಮಗನ ಮನೆಗೆ ಹೋದ ವೃದ್ಧ ದಂಪತಿಗಳು, ಮಗ, ಸೊಸೆ, ಏಳು ವರ್ಷದ ಮೊಮ್ಮಗಳು, ಎರಡು ವರ್ಷದ ಮೊಮ್ಮಗ, ಹೀಗೆ ಆರು ಜನರ ಕುಟುಂಬವೊಂದು ಈ ವಿಹಾರಧಾಮಕ್ಕೆ ಹೋಗಿದೆಯೆಂದು ಕಲ್ಪಿಸಿಕೊಳ್ಳಬಹುದು. ಆ್ಯಪ್ ಇರುವುದು ಸೊಸೆಯ ಫೋನಿನಲ್ಲಿ. ಮಾವನವರ ಫೋನಿಗೆ ಅಲ್ಲಿ ಅಂತರಜಾಲದ ಸಂಪರ್ಕವಿಲ್ಲ. ಅತ್ತೆಯವರು ಫೋನನ್ನು ಕರೆಗಳಿಗೆ ಮಾತ್ರ ಬಳಸುವವರು. ಮಕ್ಕಳ ಬಳಿ ಫೋನಿಲ್ಲ, ಇರಬೇಕಾಗಿಯೂ ಇಲ್ಲ.

ಇಂಥ ಕುಟುಂಬದಲ್ಲಿ ಆ ಸೊಸೆ ಇಡೀ ದಿನ ಗುಮಾಸ್ತೆಯಂತೆ ದುಡಿಯುವ ಸಂಭವವಿದೆ. ಮುಂದಿನ ವೇಳೆ ಯಾವುದು, ಊಟಕ್ಕೆ ಏನು ಹೇಳಬೇಕು, ಬಸ್ಸು ಎಲ್ಲಿ ಎಂದು ಎಲ್ಲರ ಪ್ರಶ್ನೆಗಳೂ ಅವಳ ಕಡೆಗೇ ಬರುತ್ತವೆ. ಮಗಳು ಮೊದಲ ಬಾರಿಗೆ ಮೆರವಣಿಗೆ ನೋಡಿ ಕುಣಿಯುವಾಗ ತಾಯಿಯ ಕಣ್ಣು ಪರದೆಯ ಮೇಲಿದ್ದರೆ, ಎರಡು ವರ್ಷ ಹಣ ಕೂಡಿಟ್ಟು ಕೈಗೊಂಡ ವಿಹಾರದ ಮುಖ್ಯ ಭಾಗವೇ ಅವಳಿಗೆ ತಪ್ಪಿಹೋದಂತೆ. ಅತಿಥಿಗಳು ಆ್ಯಪ್‌ನಲ್ಲಿ ಹೆಚ್ಚು ಹೊತ್ತು ಕಳೆದರೆಂದು ಸಂತೋಷಪಡುವ ವಿನ್ಯಾಸಕಾರರು ಇದನ್ನು ಗಮನಿಸಬೇಕು. ಕೆಲಸ ಬೇಗ ಮುಗಿದು ಫೋನು ಚೀಲಕ್ಕೆ ಸೇರಿತೆಂದರೆ ಆ್ಯಪ್ ಚೆನ್ನಾಗಿದೆಯೆಂದು ತಿಳಿಯಬೇಕು.

ಇದಕ್ಕಾಗಿ ಮೂರು ಏರ್ಪಾಡುಗಳು ಅಗತ್ಯ. ಮೊದಲನೆಯದು, ಒಬ್ಬರು ಕುಟುಂಬದ ಎಲ್ಲರ ಪರವಾಗಿ ವ್ಯವಹರಿಸುವಂತೆಯೂ ಬೇಕೆಂದಾಗ ಆ ಭಾರವನ್ನು ಮತ್ತೊಬ್ಬರ ಫೋನಿಗೆ ವರ್ಗಾಯಿಸುವಂತೆಯೂ ಇರಬೇಕು. ಡಿಸ್ನಿಯ ಆ್ಯಪ್‌ನಲ್ಲಿ ಬಂಧುಮಿತ್ರರ ಪಟ್ಟಿಯೊಂದನ್ನು ರಚಿಸಿ ಎಲ್ಲರ ಯೋಜನೆಯನ್ನೂ ಒಟ್ಟಿಗೆ ನೋಡುವ ಸೌಲಭ್ಯವಿದೆ. ಎರಡನೆಯದು, ಫೋನಿಲ್ಲದವರಿಗೆ ಕಾರ್ಡು ಅಥವಾ ಪಟ್ಟಿ ದೊರೆಯಬೇಕು. ಮಧ್ಯಾಹ್ನ ಆಯಾಸಗೊಂಡ ಅಜ್ಜಿ ಕೋಣೆಗೆ ಹಿಂದಿರುಗಬೇಕಾದರೆ ಸೊಸೆಯ ಫೋನು ಜೊತೆಗೆ ಬರಬೇಕಾದ ಪರಿಸ್ಥಿತಿ ಇರಬಾರದು. ಮೂರನೆಯದು, ಕುಟುಂಬ ಎರಡಾಗಿ ಒಡೆದು ನಡೆಯುತ್ತದೆಂಬ ವಾಸ್ತವವನ್ನು ಒಪ್ಪಿಕೊಳ್ಳಬೇಕು. ‘ಸ್ಪೇಸ್ ಮೌಂಟನ್’ ಎಂಬ ರೈಡ್‌ಗೆ ಕನಿಷ್ಠ ಎತ್ತರ 44 ಅಂಗುಲ. ಎರಡು ವರ್ಷದ ಮಗುವಿಗೆ ಅಲ್ಲಿ ಪ್ರವೇಶವಿಲ್ಲ. ಇಂಥಲ್ಲಿ ತಂದೆ ತಾಯಿಯರಲ್ಲಿ ಒಬ್ಬರು ಮಗುವಿನೊಡನೆ ಹೊರಗಿದ್ದು, ಇನ್ನೊಬ್ಬರು ಬಂದ ಮೇಲೆ ಮತ್ತೆ ಪೂರ್ಣ ಸರತಿಯಲ್ಲಿ ನಿಲ್ಲದೆ ಒಳಹೋಗುವ ‘ರೈಡರ್ ಸ್ವಿಚ್’ ಎಂಬ ಉಚಿತ ಪದ್ಧತಿ ಅಲ್ಲಿದೆ. ಮಕ್ಕಳಿರುವ ಮನೆಯನ್ನು ಕಂಡು ಬಲ್ಲವರು ಮಾಡಿದ ಏರ್ಪಾಡು ಇದು.

ಕಣ್ಣು, ಬೆರಳು ಮತ್ತು ಭಾಷೆ

ನಲವತ್ತರ ಪ್ರಾಯ ದಾಟಿದವರಿಗೆ ಹತ್ತಿರದ ಅಕ್ಷರಗಳು ಮಸುಕಾಗತೊಡಗುವುದು ಸಹಜ. ಕಣ್ಣಿನೊಳಗಿನ ಮಸೂರವು ಬಾಗುವ ಗುಣವನ್ನು ಕಳೆದುಕೊಳ್ಳುವುದೇ ಇದಕ್ಕೆ ಕಾರಣ. ಬಿಸಿಲಿನಲ್ಲಿ, ಕನ್ನಡಕವನ್ನು ಕೋಣೆಯಲ್ಲಿ ಮರೆತು ಬಂದವರು ಬೂದು ಬಣ್ಣದ ಸಣ್ಣ ಅಕ್ಷರಗಳನ್ನು ಓದಲಾರರು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ನಡುವಣ ಬೆಳಕಿನ ವ್ಯತ್ಯಾಸದ ಪ್ರಮಾಣ ಕನಿಷ್ಠ 4.5ಕ್ಕೆ 1ರಷ್ಟು ಇರಬೇಕೆಂಬುದು ಅಂತಾರಾಷ್ಟ್ರೀಯ ಮಾರ್ಗಸೂಚಿ. ಒತ್ತುವ ಗುಂಡಿಗಳು ಸುಮಾರು 9 ಮಿಲಿಮೀಟರಿಗಿಂತ ಚಿಕ್ಕದಾಗಿದ್ದರೆ ನಡುಗುವ ಬೆರಳು ಪಕ್ಕದ ಗುಂಡಿಯನ್ನು ಒತ್ತುವ ಅಪಾಯವಿದೆ. ಕೆಂಪು ಮತ್ತು ಹಸಿರನ್ನು ಬೇರ್ಪಡಿಸಿ ನೋಡಲಾಗದವರೂ ಇರುವುದರಿಂದ ‘ತೆರೆದಿದೆ’, ‘ಮುಚ್ಚಿದೆ’ ಎಂಬುದನ್ನು ಬಣ್ಣದ ಜೊತೆಗೆ ಅಕ್ಷರದಲ್ಲಿಯೂ ತಿಳಿಸಬೇಕು.

ನಮ್ಮ ದೇಶದ ವಿಹಾರಧಾಮಗಳು ಆ್ಯಪ್ ಮಾಡಿಸುವಾಗ ಭಾಷೆಯ ಪ್ರಶ್ನೆಯೂ ಎದುರಾಗುತ್ತದೆ. ಕನ್ನಡದಲ್ಲಿ ಅಕ್ಷರದ ಮೇಲೆ ಗುಣಿತದ ಚಿಹ್ನೆಗಳೂ ಕೆಳಗೆ ಒತ್ತಕ್ಷರಗಳೂ ಬರುತ್ತವೆ. ಇಂಗ್ಲಿಷ್ ಅಕ್ಷರಗಳ ಅಳತೆಗೆ ಮಾಡಿದ ಇಕ್ಕಟ್ಟಾದ ಸಾಲಿನಲ್ಲಿ ಕನ್ನಡವನ್ನು ತುಂಬಿದರೆ ಒತ್ತು ಕತ್ತರಿಸಿಹೋಗಿ ಅರ್ಥವೇ ಕೆಡಬಹುದು. ಭಾಷಾಂತರವನ್ನು ಕೊನೆಯ ವಾರದ ಕೆಲಸವೆಂದು ಮುಂದೂಡದೆ ಮೊದಲ ನಕ್ಷೆಯಲ್ಲಿಯೇ ಅದಕ್ಕೆ ಜಾಗ ಬಿಡುವುದು ವಿವೇಕ.

ಆಹಾರ ಮತ್ತು ಆರೋಗ್ಯ

ಆ್ಯಪ್‌ನ ಮೂಲಕ ಊಟ ತರಿಸಿಕೊಳ್ಳುವ ವ್ಯವಸ್ಥೆ ಡಿಸ್ನಿ ವರ್ಲ್ಡ್‌ನಲ್ಲಿ 2017ರಲ್ಲಿ ಆರಂಭವಾಯಿತು. ಕಡಲೆಕಾಯಿ, ಹಾಲು, ಗೋಧಿ ಮೊದಲಾದವು ಒಗ್ಗದವರಿಗೆ ಪ್ರತ್ಯೇಕ ಪಟ್ಟಿಗಳೂ ಅದರಲ್ಲಿ ದೊರೆಯುತ್ತವೆ. ಇಲ್ಲಿ ಅಲಕ್ಷ್ಯಕ್ಕೆ ಎಡೆಯಿಲ್ಲ. ಕೆಲವು ಮಕ್ಕಳಿಗೆ ಕಡಲೆಕಾಯಿಯ ಅಲ್ಪಾಂಶವೂ ಉಸಿರಾಟಕ್ಕೆ ಸಂಚಕಾರ ತರಬಹುದು. ಅಡುಗೆಮನೆಯಲ್ಲಿ ಎಣ್ಣೆ ಬದಲಾದ ದಿನವೇ ಆ್ಯಪ್‌ನ ಪಟ್ಟಿಯೂ ಬದಲಾಗಬೇಕು. ಸಂಶಯವಿದ್ದರೆ ಅಡುಗೆಯವರೊಡನೆ ನೇರವಾಗಿ ಮಾತನಾಡುವ ದಾರಿಯನ್ನು ಅದೇ ಪುಟದಲ್ಲಿ ತೋರಿಸಬೇಕು.

ಮಧುಮೇಹವುಳ್ಳ ಹಿರಿಯರಿಗೆ ಊಟದ ವೇಳೆಯೇ ಔಷಧದ ಒಂದು ಭಾಗ. ಊಟಕ್ಕೆ ಮುನ್ನ ಶೀಘ್ರವಾಗಿ ಕೆಲಸ ಮಾಡುವ ಇನ್ಸುಲಿನ್ ತೆಗೆದುಕೊಂಡವರಿಗೆ ಊಟ ತಡವಾದರೆ ರಕ್ತದ ಸಕ್ಕರೆ ಇಳಿದು ಬೆವರು, ನಡುಕ, ತಲೆಸುತ್ತು ಕಾಣಿಸಿಕೊಳ್ಳಬಹುದು. ‘ಹತ್ತು ನಿಮಿಷದಲ್ಲಿ ಸಿದ್ಧ’ ಎಂದು ತೋರಿಸಿ ನಲವತ್ತು ನಿಮಿಷ ಕಾಯಿಸುವ ಆ್ಯಪ್ ಅಂಥವರ ಪಾಲಿಗೆ ಅಪಾಯಕಾರಿ. ತಡವಾಗುವುದಾದರೆ ಕೂಡಲೇ ತಿಳಿಸಬೇಕು. ಮಾವನವರೂ ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಂಡು, ಊಟ ಕೈಸೇರಿದ ಮೇಲೆ ವೈದ್ಯರ ಸೂಚನೆಯಂತೆ ಇನ್ಸುಲಿನ್ ತೆಗೆದುಕೊಳ್ಳುವುದು ಕ್ಷೇಮ.

ಫ್ಲಾರಿಡಾದ ಬೇಸಿಗೆಯಲ್ಲಿ ಸೆಕೆಯೂ ತೇವವೂ ಹೆಚ್ಚು. ದಿನದಲ್ಲಿ ಹಲವು ಮೈಲಿ ನಡೆಯಬೇಕಾಗುತ್ತದೆ. ಆದುದರಿಂದ ನಕ್ಷೆಯಲ್ಲಿ ಅಂಗಡಿಗಳಿಗಿಂತ ಮುಂಚೆ ಕಾಣಬೇಕಾದವು ಕುಡಿಯುವ ನೀರು, ನೆರಳು, ಶೌಚಾಲಯ, ಮೆಟ್ಟಿಲಿಲ್ಲದ ದಾರಿ ಮತ್ತು ಪ್ರಥಮ ಚಿಕಿತ್ಸೆಯ ಕೇಂದ್ರ. ಡಿಸ್ನಿಯ ನಾಲ್ಕು ಉದ್ಯಾನಗಳಲ್ಲಿಯೂ ಪ್ರಥಮ ಚಿಕಿತ್ಸಾ ಕೇಂದ್ರಗಳಿವೆ. ಸಹಾಯ ಕೋರುವ ಗುಂಡಿ ಪ್ರತಿ ಪುಟದಲ್ಲಿಯೂ ಒಂದೇ ಸ್ಥಳದಲ್ಲಿರಬೇಕು. ಅದನ್ನು ಒತ್ತಿದಾಗ ಯಂತ್ರದ ಉತ್ತರದ ಬದಲು ಮನುಷ್ಯನ ಧ್ವನಿ ಕೇಳಿಸಬೇಕು.

ಹಣದ ಲೆಕ್ಕ

ಆರು ಜನರ ಆ ಕುಟುಂಬವು 2021ರಲ್ಲಿ ‘ಜೀನಿ ಪ್ಲಸ್’ ಕೊಂಡಿದ್ದರೆ, ಮೂರು ವರ್ಷದೊಳಗಿನ ಮಗುವನ್ನು ಬಿಟ್ಟು ಐವರಿಗೆ ದಿನವೊಂದಕ್ಕೆ 75 ಡಾಲರ್ ಆಗುತ್ತಿತ್ತು. ಪ್ರವೇಶದ ಹಣ ಬೇರೆ. ಒಂದು ಬೆರಳಿನ ಸ್ಪರ್ಶದಿಂದ ಇಷ್ಟು ಹಣ ಖರ್ಚಾಗುವಾಗ ತೆರಿಗೆಯೂ ಸೇರಿದಂತೆ ಒಟ್ಟು ಮೊತ್ತವನ್ನು ಮೊದಲೇ ಕಾಣಿಸಬೇಕು. ಒತ್ತಿದ ಕೂಡಲೇ ರಸೀದಿ, ದಿನದ ಕೊನೆಗೆ ಪಾಸ್‌ಬುಕ್ಕಿನಂತೆ ಬಾಬತ್ತುವಾರು ಲೆಕ್ಕ, ತಪ್ಪಿದ್ದರೆ ಪ್ರಶ್ನಿಸುವ ಮಾರ್ಗ, ಮಕ್ಕಳ ಪಟ್ಟಿಯಿಂದ ಖರ್ಚು ಮಾಡದಂತೆ ತಡೆ, ಇವು ಕನಿಷ್ಠ ಅಗತ್ಯಗಳು.

ಭಾರತದಲ್ಲಿ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಹೆಸರಿಸಿದೆ. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಬೆಲೆಯನ್ನು ಹಂತಹಂತವಾಗಿ ಬಯಲುಮಾಡುವುದು, ‘ಇನ್ನು ಎರಡೇ ಕೋಣೆ ಉಳಿದಿವೆ’ ಎಂದು ಸುಳ್ಳು ಅವಸರ ಹುಟ್ಟಿಸುವುದು ಮೊದಲಾದವು ಅದರಲ್ಲಿ ಸೇರಿವೆ. ಇಂಥ ಉಪಾಯಗಳಿಂದ ಒಂದು ದಿನದ ಆದಾಯ ಹೆಚ್ಚಬಹುದು. ಅದೇ ಕುಟುಂಬ ಮರುವರ್ಷವೂ ಬರಬೇಕೆಂಬ ಆಸೆಯನ್ನು ಮಾತ್ರ ಬಿಡಬೇಕಾಗುತ್ತದೆ.

ಮಕ್ಕಳ ಮಾಹಿತಿ

ಮಣಿಕಟ್ಟಿನ ಪಟ್ಟಿಯ ಯೋಜನೆ ಪ್ರಕಟವಾದ ತಿಂಗಳಲ್ಲಿಯೇ, ಅಂದು ಅಮೆರಿಕದ ಪ್ರತಿನಿಧಿ ಸಭೆಯ ಸದಸ್ಯರಾಗಿದ್ದ ಎಡ್ವರ್ಡ್ ಮಾರ್ಕಿಯವರು ಡಿಸ್ನಿಯ ಮುಖ್ಯಸ್ಥ ರಾಬರ್ಟ್ ಐಗರ್ ಅವರಿಗೆ ಪತ್ರ ಬರೆದು, ಮಕ್ಕಳ ಚಲನವಲನದ ಮಾಹಿತಿಯನ್ನು ಹೇಗೆ ಬಳಸಲಾಗುವುದೆಂದು ಪ್ರಶ್ನಿಸಿದರು. ಯೋಜನೆಯಲ್ಲಿ ಭಾಗವಹಿಸುವುದು ಅತಿಥಿಗಳ ಇಚ್ಛೆಗೆ ಬಿಟ್ಟದ್ದೆಂದು ಸಂಸ್ಥೆ ಉತ್ತರಿಸಿತು. ಪ್ರಶ್ನೆಯ ಮಹತ್ವ ಇಂದಿಗೂ ಕುಂದಿಲ್ಲ. ಅಮೆರಿಕದಲ್ಲಿ 13 ವರ್ಷದೊಳಗಿನ ಮಕ್ಕಳ ಮಾಹಿತಿಯನ್ನು ಅಂತರಜಾಲದಲ್ಲಿ ಸಂಗ್ರಹಿಸಲು ಪೋಷಕರ ಒಪ್ಪಿಗೆ ಬೇಕೆಂಬ ಶಾಸನ 1998ರಲ್ಲಿಯೇ ಆಗಿದೆ. ಭಾರತದ ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ವಯೋಮಿತಿಯನ್ನು 18 ವರ್ಷವೆಂದು ಗೊತ್ತುಪಡಿಸಿದೆ.

ಮಗು ಈಜುಕೊಳದ ಬಳಿ ಇದೆಯೇ ಎಂದು ತಾಯಿಗೆ ತಿಳಿಸುವುದು ಬೇರೆ; ಆ ಮಗು ಯಾವ ಆಟಿಕೆಯ ಮುಂದೆ ಎಷ್ಟು ಹೊತ್ತು ನಿಂತಿತೆಂದು ದಾಖಲಿಸಿ ವ್ಯಾಪಾರಕ್ಕೆ ಬಳಸುವುದು ಬೇರೆ. ಮೊದಲನೆಯದು ಆತಿಥ್ಯ, ಎರಡನೆಯದಕ್ಕೆ ಆ ಹೆಸರು ಸಲ್ಲದು. ಅಗತ್ಯವಿದ್ದಷ್ಟೇ ಕೇಳಿ, ಕುಟುಂಬ ಊರಿಗೆ ಮರಳಿದ ಮೇಲೆ ಅಳಿಸಿಹಾಕುವುದು ಒಳ್ಳೆಯ ನಿಯಮ.

ಜಾಲ ಕೈಕೊಟ್ಟಾಗ

ಕೀಲಿ, ಚೀಟಿ, ನಕ್ಷೆ, ಹಣ ಎಲ್ಲವನ್ನೂ ಒಂದೇ ಫೋನಿನಲ್ಲಿಟ್ಟರೆ ಅದರ ಬ್ಯಾಟರಿ ಮುಗಿದ ಕ್ಷಣದಲ್ಲಿ ಎಲ್ಲವೂ ಒಟ್ಟಿಗೆ ಇಲ್ಲವಾಗುತ್ತವೆ. ಡಿಸ್ನಿಯ ಉದ್ಯಾನಗಳಲ್ಲಿ ತುಂಬಿದ ಬ್ಯಾಟರಿಗಳನ್ನು ಮಾರುವ ಯಂತ್ರಗಳಿರುವುದೇ ಈ ತೊಂದರೆಗೆ ಸಾಕ್ಷಿ. ಬೆಟ್ಟಗಾಡಿನ ವಿಹಾರಧಾಮಗಳಲ್ಲಿ ಫೋನಿನ ಸಂಕೇತವೇ ದುರ್ಬಲವಾಗಿರುತ್ತದೆ. ಆದುದರಿಂದ ನಕ್ಷೆ, ಕೋಣೆಯ ವಿವರ, ತುರ್ತು ದೂರವಾಣಿ ಸಂಖ್ಯೆಗಳು ಜಾಲದ ನೆರವಿಲ್ಲದೆಯೂ ತೆರೆಯುವಂತೆ ಫೋನಿನಲ್ಲಿಯೇ ಉಳಿದಿರಬೇಕು. ಇವೆಲ್ಲಕ್ಕಿಂತ ಮಿಗಿಲಾಗಿ, ಸ್ವಾಗತದ ಮೇಜಿನ ಹಿಂದೆ ಒಬ್ಬ ವ್ಯಕ್ತಿ ಇರಲೇಬೇಕು. ಆ್ಯಪ್ ಬಂದಿತೆಂದು ಆ ಕುರ್ಚಿಯನ್ನು ತೆಗೆಸುವ ಉಳಿತಾಯದ ಬೆಲೆಯನ್ನು ತೆರುವವರು ಆ್ಯಪ್ ಬಳಸಲಾರದ ಅತಿಥಿಗಳು.

ಆ್ಯಪ್ ರೂಪಿಸುವ ಕೆಲಸವನ್ನು ಪರದೆಯ ಬಣ್ಣಗಳಿಂದ ಆರಂಭಿಸುವ ಬದಲು ಸ್ವಾಗತದ ಮೇಜಿನ ಬಳಿ ಎರಡು ದಿನ ಸುಮ್ಮನೆ ಕುಳಿತು ನೋಡುವುದರಿಂದ ಆರಂಭಿಸಬೇಕು. ಕುಟುಂಬಗಳು ಏನನ್ನು ಮತ್ತೆ ಮತ್ತೆ ಕೇಳುತ್ತವೆ, ಎಲ್ಲಿ ತಡಕಾಡುತ್ತವೆ, ಯಾರು ಹಿಂದೆ ಉಳಿಯುತ್ತಾರೆ ಎಂಬುದು ಅಲ್ಲಿ ತಿಳಿಯುತ್ತದೆ. ಸಿದ್ಧವಾದ ಮೇಲೆ ಅದನ್ನು ಎಪ್ಪತ್ತು ವರ್ಷದ ಅಜ್ಜಿಯೊಬ್ಬರ ಕೈಗೂ, ಕಂಕುಳಲ್ಲಿ ಮಗುವಿರುವ ತಾಯಿಯೊಬ್ಬಳ ಕೈಗೂ ಕೊಟ್ಟು, ಬಾಯಿ ಬಿಡದೆ ಗಮನಿಸಬೇಕು. ಅವರು ಎಡವಿದ ಸ್ಥಳವೇ ತಿದ್ದಬೇಕಾದ ಸ್ಥಳ.

ಹಿಂದೆ ಅತಿಥಿಯನ್ನು ವಿಚಾರಿಸುತ್ತಿದ್ದ ಮನೆಯ ಯಜಮಾನಿ ಬಂದವರಲ್ಲಿ ಚುರುಕಾದವನನ್ನು ಮಾತ್ರ ಮಾತನಾಡಿಸಿ ಸುಮ್ಮನಾಗುತ್ತಿರಲಿಲ್ಲ. ಮೂಲೆಯಲ್ಲಿ ಕುಳಿತ ಅಜ್ಜಿಗೂ ನೀರು ಬೇಕೇ ಎಂದು ಕೇಳುತ್ತಿದ್ದಳು. ವಿಹಾರಧಾಮದ ಆ್ಯಪ್ ಅಷ್ಟನ್ನು ಕಲಿತರೆ, ಅಂದು ಸಂಜೆ ಆರು ಮಂದಿಯೂ ಒಟ್ಟಿಗೆ ಕುಳಿತು, ಫೋನನ್ನು ಬದಿಗಿಟ್ಟು, ಕಂಡದ್ದನ್ನು ಹೇಳಿಕೊಂಡು ನಗಬಹುದು.